ಆಂಕಿ ಆಪ್: ಇಂಗ್ಲಿಷ್ ಓದಲು ಕಲಿಯುವವರಿಗೆ ಎಷ್ಟು ಪ್ರಯೋಜನ? ವರ್ಷಗಟ್ಟಲೆ ಬಳಸಿದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಇಂಗ್ಲಿಷ್ ಮಾತಾಡಲು ಕಲಿಸುವ ಆಪ್ ಅಲ್ಲ. ಆ ಆಸೆಯಿಂದ ಡೌನ್‌ಲೋಡ್ ಮಾಡಿದರೆ ಎರಡೇ ದಿನಕ್ಕೆ ತೆಗೆದು ಹಾಕುತ್ತೀರಿ. ಆಂಕಿ ಮಾಡುವುದು ಒಂದೇ ಕೆಲಸ. ನೀವು ಹಾಕಿಟ್ಟ ಪದ ಇನ್ನೇನು ಮರೆತೇ ಹೋಗುತ್ತದೆ ಅನ್ನುವ ಹೊತ್ತಿಗೆ ಅದನ್ನು ತಂದು ಮುಂದೆ ಹಿಡಿಯುತ್ತದೆ, ಅಷ್ಟೇ. ಓದುವ ಇಂಗ್ಲಿಷ್ ಬೇಕು ಅನ್ನುವವರಿಗೆ ಆ ಒಂದು ಕೆಲಸ ಸಣ್ಣದೇನಲ್ಲ. ನನ್ನ ರೇಟಿಂಗ್ 5ಕ್ಕೆ 4. ಒಂದು ಸ್ಟಾರ್ ಯಾಕೆ ಕಡಿಮೆ ಅನ್ನೋದು ಕೆಳಗೆ ಬರುತ್ತದೆ.

ನನ್ನದು ಕನ್ನಡ ಮಾಧ್ಯಮ, ಸರ್ಕಾರಿ ಶಾಲೆ. ಎಬಿಸಿಡಿ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ವಿಷಯ ಬಂದದ್ದು 2007-08ರಲ್ಲಿ, ಅಷ್ಟರಲ್ಲಿ ನಮ್ಮ ಬ್ಯಾಚು ಹೈಸ್ಕೂಲ್ ದಾಟಿತ್ತು. ಈಗ ಮಲೆನಾಡಿನ ಒಂದು ಸಹಕಾರಿ ಸಂಘದಲ್ಲಿ ಕೆಲಸ. ಕೌಂಟರಿನಲ್ಲಿ ಮಾತೆಲ್ಲ ಕನ್ನಡವೇ. ಆದರೆ ಸಾಫ್ಟ್‌ವೇರ್ ಕಂಪನಿಯವರ ಮೇಲ್, ತೆರಿಗೆಯ ನೋಟಿಸ್, ರಿಸರ್ವ್ ಬ್ಯಾಂಕಿನ ಸುತ್ತೋಲೆ, ಎಲ್ಲ ಇಂಗ್ಲಿಷ್. ಪೇಟೆಯಲ್ಲಿ ಸಿಗುವುದು ಬರೀ ಸ್ಪೋಕನ್ ಇಂಗ್ಲಿಷ್ ಕ್ಲಾಸು. ನಾನೂ ಒಂದಕ್ಕೆ ಹೋದೆ. ಕನ್ನಡಿ ಮುಂದೆ ನಿಂತು ಪರಿಚಯ ಹೇಳಿಕೊಳ್ಳುವುದು, ಹೋಟೆಲಿನಲ್ಲಿ ಆರ್ಡರ್ ಮಾಡುವುದು, ಇದೇ ನಡೆಯಿತು. ಸಾಗರದ ಹೋಟೆಲಿನಲ್ಲಿ ಇಂಗ್ಲಿಷಿನಲ್ಲಿ ದೋಸೆ ಕೇಳುವ ಅಗತ್ಯ ನನಗೆ ಇವತ್ತಿಗೂ ಬಂದಿಲ್ಲ. ನನಗೆ ಬೇಕಿದ್ದದ್ದು ಎರಡು ಪುಟದ ಸುತ್ತೋಲೆಯನ್ನು ಯಾರನ್ನೂ ಕೇಳದೆ ಓದಿ ಅರ್ಥ ಮಾಡಿಕೊಳ್ಳುವುದು.

ಇದು ಹೊಸ ವಾದವೇನೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದ ಮೈಕೆಲ್ ವೆಸ್ಟ್ 1926ರಲ್ಲೇ ಬಂಗಾಳದ ಮಕ್ಕಳ ಬಗ್ಗೆ ಇದನ್ನೇ ಬರೆದಿದ್ದರು. ಈ ಮಕ್ಕಳಿಗೆ ಮಾತಿಗಿಂತ ಮೊದಲು ಓದು ಬೇಕು, ಆದರೆ ಅವರ ಕೈಗೆ ಕೊಡುವ ಪುಸ್ತಕದಲ್ಲಿ ಹೊಸ ಪದಗಳು ತೀರಾ ಒತ್ತೊತ್ತಾಗಿ ಬರುತ್ತವೆ, ಅದಕ್ಕೇ ಓದು ಮುಂದೆ ಸಾಗುವುದಿಲ್ಲ ಅಂತ. ಮುಂದೆ 1953ರಲ್ಲಿ ಅವರೇ ಸುಮಾರು 2000 ಮುಖ್ಯ ಪದಗಳ ಪಟ್ಟಿ ಹೊರತಂದರು. ಜಗತ್ತಿನಾದ್ಯಂತ ಇಂಗ್ಲಿಷ್ ಕಲಿಸುವವರು ಬಹಳ ವರ್ಷ ಅದನ್ನೇ ಹಿಡಿದುಕೊಂಡಿದ್ದರು. ನೂರು ವರ್ಷ ಆಗುತ್ತಾ ಬಂದರೂ ನಮ್ಮ ಪೇಟೆಯ ಕ್ಲಾಸುಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ಬಿಡಿ.

ಇನ್ನು ಆಂಕಿ ಕೆಲಸ ಮಾಡುವ ರೀತಿ. ಡೇಮಿಯನ್ ಎಲ್ಮ್ಸ್ ಅನ್ನುವವರು 2006ರಲ್ಲಿ ಶುರು ಮಾಡಿದ್ದು. ಕಾರ್ಡಿನ ಮುಂದೆ ಪ್ರಶ್ನೆ, ಹಿಂದೆ ಉತ್ತರ. ನೋಡಿದ ಮೇಲೆ ಅಗೇನ್, ಹಾರ್ಡ್, ಗುಡ್, ಈಸಿ ಅಂತ ನಾಲ್ಕು ಬಟನ್. ಗೊತ್ತಿದ್ದರೆ ಆ ಕಾರ್ಡು ಕೆಲವು ದಿನ ಬಿಟ್ಟು ಬರುತ್ತದೆ, ಆಮೇಲೆ ಕೆಲವು ವಾರ, ಆಮೇಲೆ ತಿಂಗಳುಗಳು. ಮರೆತರೆ ಮತ್ತೆ ಹತ್ತಿರಕ್ಕೆ ಬರುತ್ತದೆ. ಮರೆವು ಒಂದು ಲೆಕ್ಕದಲ್ಲಿ ನಡೆಯುತ್ತದೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದ. ಅದನ್ನು ಕಂಪ್ಯೂಟರ್ ಲೆಕ್ಕಕ್ಕೆ ಇಳಿಸಿದವರು ಪೋಲೆಂಡಿನ ವೊಜ್ನಿಯಾಕ್, 1987ರಲ್ಲಿ. ಆಂಕಿ ಬಹಳ ವರ್ಷ ಅದೇ ಲೆಕ್ಕದ ಒಂದು ರೂಪದಲ್ಲಿ ಓಡಿತು. 2023ರ ಕೊನೆಯಲ್ಲಿ ಬಂದ 23.10 ಆವೃತ್ತಿಯಿಂದ ಎಫ್‌ಎಸ್‌ಆರ್‌ಎಸ್ ಅನ್ನುವ ಹೊಸ ಲೆಕ್ಕ ಸೇರಿದೆ. ಇದು ನಿಮ್ಮದೇ ಹಳೇ ಉತ್ತರಗಳನ್ನು ನೋಡಿ ನಿಮ್ಮ ಮರೆವಿಗೆ ತಕ್ಕ ಹಾಗೆ ದಿನ ಗೊತ್ತು ಮಾಡುತ್ತದೆ. ನನಗೆ ಇದನ್ನು ಹಾಕಿಕೊಂಡ ಮೇಲೆ ದಿನದ ಕಾರ್ಡುಗಳು ಕಣ್ಣಿಗೆ ಕಾಣುವಷ್ಟು ಕಡಿಮೆ ಆದವು. ಕಾರ್ಡುಗಳ ಕಟ್ಟಿಗೆ ಆಂಕಿಯಲ್ಲಿ ಡೆಕ್ ಅನ್ನುತ್ತಾರೆ, ಅದರ ಡೆಕ್ ಆಪ್ಷನ್ಸ್ ಒಳಗೆ ಹೋಗಿ ಅದು ಆನ್ ಆಗಿದೆಯಾ ನೋಡಿಕೊಳ್ಳಿ.

ಈಗ ಮುಖ್ಯ ವಿಷಯ. ಆಂಕಿ ಹಾಕಿಕೊಂಡವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಅಂದರೆ ಯಾರೋ ಮಾಡಿಟ್ಟ ಐದು ಸಾವಿರ ಪದಗಳ ಡೆಕ್ ಇಳಿಸಿಕೊಳ್ಳುವುದು. ಪುಕ್ಕಟೆ ಸಿಗುತ್ತದೆ, ಅಲ್ವಾ. ನಮ್ಮ ಭಾವಮೈದುನ ಬ್ಯಾಂಕ್ ಪರೀಕ್ಷೆಗೆ ಅಂತ ಹಾಗೇ ಮಾಡಿದ. ಎರಡು ತಿಂಗಳು ಚೆನ್ನಾಗಿ ಒತ್ತಿದ, ಪದ ಕೇಳಿದರೆ ಅರ್ಥ ಪಟಪಟ ಹೇಳುತ್ತಿದ್ದ. ಅದೇ ಪದ ಪೇಪರಿನ ವಾಕ್ಯದಲ್ಲಿ ಬಂದರೆ ಸುಮ್ನೆ ದಾಟಿ ಹೋಗುತ್ತಿದ್ದ. ಅವನ ತಲೆಯಲ್ಲಿ ಆ ಪದ ಇದ್ದದ್ದು ಕಾರ್ಡಿನ ಮೇಲೆ ಮಾತ್ರ, ಬೇರೆಲ್ಲೂ ಇಲ್ಲ. ನಾನು ಶುರುವಿನಿಂದ ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ನಾನೇ ಓದುವಾಗ ಎಡವಿದ ಪದ ಮಾತ್ರ ಕಾರ್ಡ್ ಆಗಬೇಕು, ಅದೂ ಎಡವಿದ ಆ ವಾಕ್ಯದ ಸಮೇತ. ಆ ಕಾರ್ಡು ಮತ್ತೆ ಬಂದಾಗ ಬರೀ ಪದ ಬರುವುದಿಲ್ಲ, ಆ ಸುತ್ತೋಲೆ, ಅವತ್ತಿನ ಗಡಿಬಿಡಿ, ಮ್ಯಾನೇಜರ್ ಮುಖ ಎಲ್ಲ ಒಟ್ಟಿಗೆ ಬರುತ್ತದೆ. ಮರೆಯಬೇಕು ಅಂದರೂ ಆಗುವುದಿಲ್ಲ.

ಕಾರ್ಡ್ ಮಾಡುವ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಈ ಆಪ್‌ನ ಅರ್ಧ ಗುಣ ಇಲ್ಲೇ ನಿಂತಿದೆ. 'ವೇವ್' ಅಂದರೆ ಮನ್ನಾ ಮಾಡು ಅಂತ ಬರೀ ಪದ ಬರೆದರೆ ಅದು ಕೈ ಬೀಸುವ 'ವೇವ್' ಜೊತೆ ಸೇರಿಕೊಂಡು ಗೋಜಲಾಗುತ್ತದೆ. 'ದಿ ಬೋರ್ಡ್ ವೇವ್ಡ್ ದಿ ಪೀನಲ್ ಇಂಟರೆಸ್ಟ್' ಅಂತ ಪೂರ್ತಿ ವಾಕ್ಯ ಮುಂದೆ ಹಾಕಿ, ಹಿಂದೆ 'ಸುಸ್ತಿ ಬಡ್ಡಿ ಮನ್ನಾ' ಅಂತ ಎರಡೇ ಮಾತು ಬರೆಯಿರಿ, ಸಾಕು. 'ಡ್ಯೂ' ಅನ್ನುವ ಒಂದು ಪುಟ್ಟ ಪದಕ್ಕೆ ನನ್ನ ಹತ್ತಿರ ಮೂರು ಕಾರ್ಡಿದೆ. 'ಡ್ಯೂ ಡೇಟ್' ಒಂದು, 'ಡ್ಯೂ ಟು' ಒಂದು, 'ಇನ್ ಡ್ಯೂ ಕೋರ್ಸ್' ಒಂದು. ಮೂರನ್ನೂ ಒಂದೇ ಕಾರ್ಡಿಗೆ ತುರುಕಿದರೆ ಯಾವುದು ಮರೆತಿದೆ ಅಂತ ಆಂಕಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಓದಲು ಮಾತ್ರ ಕಲಿಯುವವರಿಗೆ ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವ ಉಲ್ಟಾ ಕಾರ್ಡ್ ಬೇಡವೇ ಬೇಡ. ಆ ಆಯ್ಕೆ ಒತ್ತಿದರೆ ಕೆಲಸ ಎರಡರಷ್ಟು, ಓದಿಗೆ ಲಾಭ ಬಹಳ ಕಡಿಮೆ. ಬರೆಯುವುದೂ ಮಾತಾಡುವುದೂ ಬೇಕು ಅನ್ನುವವರ ಮಾತು ಬೇರೆ. ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿರುವಾಗ ಸಾಲನ್ನು ಒತ್ತಿ ಹಿಡಿದರೆ ಬರುವ ಮೆನುವಿನಲ್ಲಿ ಆಂಕಿ ಕಾರ್ಡ್ ಅಂತ ಸಿಗುತ್ತದೆ. ಅದನ್ನು ಮುಟ್ಟಿ ವಾಕ್ಯ ಹಾಕಿಟ್ಟು ಓದು ಮುಂದುವರಿಸಿ, ಅರ್ಥ ರಾತ್ರಿ ಬರೆದರಾಯಿತು.

ಅರ್ಥ ಎಲ್ಲಿಂದ ತರುವುದು? ಗೂಗಲ್ ಟ್ರಾನ್ಸ್‌ಲೇಟ್ ಅವಸರಕ್ಕೆ ಆಗುತ್ತದೆ, ಆದರೆ ಎಷ್ಟೋ ಸಲ ಒಂದು ಪದಕ್ಕೆ ಒಂದೇ ಅರ್ಥ ಕೊಟ್ಟು ಸುಮ್ಮನಾಗುತ್ತದೆ. ಕಲಿಯುವವರಿಗೆ ಅಂತಲೇ ಮಾಡಿದ ನಿಘಂಟು ಬಳಸಿ. ಲಾಂಗ್‌ಮನ್‌ನದು ಸುಮಾರು 2000 ಸುಲಭ ಪದಗಳ ಒಳಗೇ ಎಲ್ಲ ಅರ್ಥವನ್ನೂ ಬಿಡಿಸಿ ಹೇಳುತ್ತದೆ. ಆಕ್ಸ್‌ಫರ್ಡ್‌ನ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನಲ್ಲಿ ಮೊದಲು ಕಲಿಯಬೇಕಾದ 3000 ಪದಗಳಿಗೆ ಗುರುತು ಹಾಕಿರುತ್ತಾರೆ. ಎರಡೂ ಆನ್‌ಲೈನಿನಲ್ಲಿ ಪುಕ್ಕಟೆ, ಉಚ್ಚಾರಣೆಯೂ ಕೇಳಬಹುದು. ಉಚ್ಚಾರಣೆ ಕೇಳುವುದನ್ನು ಬಿಡಬೇಡಿ. ಬರೆದ ಹಾಗೆ ಓದುವ ಭಾಷೆಯಿಂದ ಬಂದವರು ನಾವು. 'ಡೆಟ್' ಒಳಗೆ ಬಿ ಕೂತಿದೆ, 'ರಿಸೀಟ್' ಒಳಗೆ ಪಿ ಕೂತಿದೆ. ಕಣ್ಣಿಗೆ ಒಂದು, ಕಿವಿಗೆ ಒಂದು ಆಗಿ ಒಂದೇ ಪದ ಎರಡು ಸಲ ಕಲಿಯಬೇಕಾಗುತ್ತದೆ.

ಏನು ಓದಬೇಕು ಅನ್ನೋದು ಆಪ್‌ಗಿಂತ ದೊಡ್ಡ ಪ್ರಶ್ನೆ. ಇದಕ್ಕೆ ಆಂಕಿ ಏನೂ ಸಹಾಯ ಮಾಡುವುದಿಲ್ಲ. ನ್ಯೂಜಿಲೆಂಡಿನ ಭಾಷಾ ವಿದ್ವಾಂಸ ಪಾಲ್ ನೇಷನ್ ಹೇಳುವ ಪ್ರಕಾರ ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಬೇಕಾದರೆ ಪುಟದ ಶೇ. 98ರಷ್ಟು ಪದ ಮೊದಲೇ ಗೊತ್ತಿರಬೇಕು. ಅಂದರೆ 50 ಪದಕ್ಕೆ ಒಂದೇ ಹೊಸ ಪದ. ಈ ಲೆಕ್ಕ ಹಿಡಿದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ನೋಡಿ, ಒಂದು ಪ್ಯಾರಾದಲ್ಲೇ ಹತ್ತು ಪದಕ್ಕೆ ಗೆರೆ ಎಳೆಯುವ ಹಾಗಿದ್ದರೆ ಅದು ಸದ್ಯಕ್ಕೆ ನಿಮ್ಮ ಓದಲ್ಲ. ಸಂಪಾದಕೀಯ ಓದಿದರೇ ಇಂಗ್ಲಿಷ್ ಬರುತ್ತದೆ ಅಂತ ಊರೆಲ್ಲ ಹೇಳುತ್ತಾರೆ, ನಂಬಬೇಡಿ. ನನಗೆ ಹಿಡಿಸಿದ ದಾರಿ ಬೇರೆ. ಬೆಳಿಗ್ಗೆ ಪ್ರಜಾವಾಣಿಯಲ್ಲಿ ಸುದ್ದಿ ಓದಿ, ಅದೇ ಸುದ್ದಿಯನ್ನು ಡೆಕ್ಕನ್ ಹೆರಾಲ್ಡ್‌ನಲ್ಲಿ ಓದುವುದು. ಎರಡೂ ಒಂದೇ ಮನೆಯ ಪತ್ರಿಕೆಗಳು, ಎರಡೂ 1948ರಲ್ಲಿ ಶುರುವಾದವು. ಲಿಂಗನಮಕ್ಕಿಯ ನೀರಿನ ಮಟ್ಟ, ಅಡಿಕೆ ಧಾರಣೆ, ವಿಧಾನಸೌಧದ ಜಗಳ, ವಿಷಯ ಮೊದಲೇ ಗೊತ್ತಿರುವುದರಿಂದ ಹೊಸ ಪದದ ಅರ್ಥ ತಾನಾಗೇ ಹೊಳೆಯುತ್ತದೆ. ಇನ್ನೂ ಕೆಳಗಿನಿಂದ ಶುರು ಮಾಡುವವರಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್ ಇದೆ. ಮಕ್ಕಳ ಕಥೆಗಳು, ನಾಲ್ಕು ಹಂತ, ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ, ಎಲ್ಲ ಉಚಿತ. ಮಗಳಿಗೆ ಓದಿ ಹೇಳುವ ನೆಪದಲ್ಲಿ ನಾನು ಅಲ್ಲಿ ಬಹಳ ಓದಿದ್ದೇನೆ, ನಾಚಿಕೆ ಏನಿಲ್ಲ. ಅದು ದಾಟಿದ ಮೇಲೆ ಸಿಂಪಲ್ ಇಂಗ್ಲಿಷ್ ವಿಕಿಪೀಡಿಯ.

ಇನ್ನು ಆಪ್‌ನ ತಾಪತ್ರಯಗಳು. ಹೊಸಬರಿಗೆ ದಿನಕ್ಕೆ 20 ಹೊಸ ಕಾರ್ಡು ಅಂತ ಮೊದಲೇ ಇಟ್ಟಿರುತ್ತಾರೆ. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ದಿನಾ 20 ಸೇರಿಸಿದರೆ ಕೆಲವೇ ವಾರದಲ್ಲಿ ದಿನದ ಪುನರಾವರ್ತನೆ 200ರ ಹತ್ತಿರ ಹೋಗಿ ಕೂರುತ್ತದೆ. ಕೆಲಸ, ಮನೆ, ತೋಟ ಇರುವವರಿಗೆ ಇದು ಸಾಗುವ ಮಾತಲ್ಲ. ಆರು ಏಳಕ್ಕೆ ಇಳಿಸಿಕೊಳ್ಳಿ. ಮದುವೆ ಸೀಸನ್‌ನಲ್ಲಿ ನಾಲ್ಕು ದಿನ ಬಿಟ್ಟರೆ ಬಾಕಿ ರಾಶಿ ಬಿದ್ದಿರುತ್ತದೆ, ಆಪ್ ತೆರೆಯಲೇ ಮನಸ್ಸು ಬರುವುದಿಲ್ಲ. ಹಾಗಾದಾಗ ಹೊಸ ಕಾರ್ಡು ಸೊನ್ನೆ ಮಾಡಿ, ಹಳೇದನ್ನು ದಿನಾ ಇಷ್ಟಿಷ್ಟು ತೀರಿಸುವುದೊಂದೇ ದಾರಿ. ಕಾರ್ಡಿಗೆ ಕೊಟ್ಟ ಸಮಯಕ್ಕಿಂತ ಓದಿಗೆ ಕೊಟ್ಟ ಸಮಯ ಜಾಸ್ತಿ ಇರಬೇಕು. ಉಲ್ಟಾ ಆದ ದಿನದಿಂದ ನೀವು ಕಲಿಯುತ್ತಿರುವುದು ಆಂಕಿ ಆಡುವುದನ್ನು.

ಹಾರ್ಡ್ ಬಟನ್ ಬಗ್ಗೆ ಒಂದು ಎಚ್ಚರಿಕೆ. ಪದ ಮರೆತಿದ್ದರೂ ಅಗೇನ್ ಒತ್ತಲು ಮನಸ್ಸಾಗದೆ ಹಾರ್ಡ್ ಒತ್ತುವವರು ಬಹಳ ಜನ. ಆಂಕಿಯ ಲೆಕ್ಕದಲ್ಲಿ ಹಾರ್ಡ್ ಅಂದರೆ ಕಷ್ಟಪಟ್ಟು ನೆನಪಾಯಿತು ಅಂತ, ಮರೆತೆ ಅಂತ ಅಲ್ಲ. ಇದು ಎಡವಟ್ಟಾದರೆ ಎಫ್‌ಎಸ್‌ಆರ್‌ಎಸ್ ಲೆಕ್ಕ ಪೂರ್ತಿ ಹಾಳು. ನನ್ನ ಬೆರಳು ಈಗ ಅಗೇನ್, ಗುಡ್ ಎರಡರ ಮೇಲೆ ಮಾತ್ರ ಓಡಾಡುತ್ತದೆ. ಎಂಟು ಸಲ ಮರೆತ ಕಾರ್ಡಿಗೆ ಆಂಕಿ ಲೀಚ್, ಅಂದರೆ ಜಿಗಣೆ, ಅಂತ ಹಣೆಪಟ್ಟಿ ಹಚ್ಚುತ್ತದೆ. ಮಳೆಗಾಲದ ಇಂಬಳ ಕಂಡವರಿಗೆ ಹೆಸರು ಸರಿಯಾಗೇ ಇದೆ ಅನ್ನಿಸುತ್ತದೆ, ಇಲ್ಲಿ ಹೀರುವುದು ಸಮಯ ಅಷ್ಟೇ. 'ಅಫೆಕ್ಟ್' ಮತ್ತು 'ಎಫೆಕ್ಟ್' ತರಹದ ಜೋಡಿಗಳು ಸಾಮಾನ್ಯವಾಗಿ ಇಲ್ಲಿ ಸಿಕ್ಕಿ ಬೀಳುತ್ತವೆ. ಅಂಥ ಕಾರ್ಡನ್ನು ಉಜ್ಜುತ್ತಾ ಕೂರಬೇಡಿ, ಅಳಿಸಿ ಹಾಕಿ. ಪದಕ್ಕೆ ನಿಜವಾಗಿ ಬೆಲೆ ಇದ್ದರೆ ಓದಿನಲ್ಲಿ ಮತ್ತೆ ಎದುರಾಗುತ್ತದೆ, ಆಗ ಹೊಸ ವಾಕ್ಯದ ಜೊತೆ ಹಾಕಿಕೊಳ್ಳಿ.

ಸ್ಟಾರ್ ಕತ್ತರಿಸಿದ್ದು ಅದರ ರೂಪಕ್ಕೆ. ನೋಡಲು ಹಳೇ ಸರ್ಕಾರಿ ಸಾಫ್ಟ್‌ವೇರ್ ಇದ್ದ ಹಾಗಿದೆ, ಸೆಟ್ಟಿಂಗ್‌ಗಳು ಬೇಕಾದ್ದಕ್ಕಿಂತ ಹತ್ತು ಪಟ್ಟು ಇವೆ, ಕೈಪಿಡಿ ಓದದೆ ಅರ್ಧ ಅರ್ಥವಾಗುವುದಿಲ್ಲ, ಆ ಕೈಪಿಡಿಯೂ ಇಂಗ್ಲಿಷಿನಲ್ಲೇ ಇದೆ! ಇಂಗ್ಲಿಷ್ ಕಲಿಯಲು ಬಂದವನಿಗೆ ಇದು ಯಾವ ನ್ಯಾಯ? ಹಾಗಾಗಿ ಮೊದಲ ವಾರ ಗೊತ್ತಿದ್ದವರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು. ಹೊಗಳಿಕೆ, ಬಹುಮಾನ, ಸ್ಪರ್ಧೆ ಇತ್ಯಾದಿ ಬೇರೆ ಆಪ್‌ಗಳಲ್ಲಿ ಇರುವ ಗಲಾಟೆ ಇಲ್ಲಿಲ್ಲ. ನನಗೆ ಅದು ಸಮಾಧಾನ, ನಿಮಗೆ ಬೇಜಾರಾಗಬಹುದು.

ದುಡ್ಡಿನ ವಿಷಯ. ಕಂಪ್ಯೂಟರಿಗೆ ಪುಕ್ಕಟೆ, ಆಂಡ್ರಾಯ್ಡ್‌ನಲ್ಲಿ ಸ್ವಯಂಸೇವಕರು ನಡೆಸುವ ಆಂಕಿಡ್ರಾಯ್ಡ್ ಪುಕ್ಕಟೆ, ಜಾಹೀರಾತೂ ಇಲ್ಲ. ಫೋನು ಕಂಪ್ಯೂಟರ್ ಎರಡನ್ನೂ ಜೋಡಿಸುವ ಆಂಕಿವೆಬ್ ಕೂಡ ಪುಕ್ಕಟೆ. ಐಫೋನಿಗೆ ಮಾತ್ರ ಸುಮಾರು 25 ಡಾಲರ್, ಒಂದೇ ಸಲ ಕಟ್ಟುವುದು, ತಿಂಗಳ ಚಂದಾ ಇಲ್ಲ. ಅದೇ ಹೆಸರನ್ನು ಹೋಲುವ ಬೇರೆ ಆಪ್‌ಗಳು ಸ್ಟೋರ್‌ನಲ್ಲಿ ಇವೆ, ಅವಕ್ಕೂ ಇದಕ್ಕೂ ಸಂಬಂಧವಿಲ್ಲ, ಆಂಕಿಯ ಅಧಿಕೃತ ವೆಬ್‌ಸೈಟಿನಿಂದಲೇ ಲಿಂಕ್ ಹಿಡಿದು ಹೋಗಿ. ಐಫೋನ್ ಇರುವವರು ದುಡ್ಡು ಕೊಡುವ ಮೊದಲು ಬ್ರೌಸರ್‌ನಲ್ಲಿ ಆಂಕಿವೆಬ್ ತೆರೆದು ಒಂದು ತಿಂಗಳು ಬಳಸಿ ನೋಡಿ. ಅಷ್ಟರಲ್ಲಿ ಒಗ್ಗದಿದ್ದರೆ ದುಡ್ಡು ಕೊಟ್ಟ ಮೇಲೂ ಒಗ್ಗುವುದಿಲ್ಲ.