ಮೂಲವ್ಯಾಧಿಗೆ ಮೂರು ದಾರಿ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮದು ಒಂದು ರೂಮು, ಒಂದು ಕಿಚನ್. ಇಂಥ ಮನೆಯಲ್ಲಿ ಮೂಲವ್ಯಾಧಿ ಬಂದರೆ ಡಾಕ್ಟರ ಜೊತೆ ಫೋನಲ್ಲಿ ಎಲ್ಲಿ ಮಾತಾಡೋದು? ಬಾತ್‌ರೂಮಿನಲ್ಲಿ, ನಲ್ಲಿ ಬಿಟ್ಟುಕೊಂಡು. ಎರಡು ತಿಂಗಳಲ್ಲಿ ಮೂರು ದಾರಿ ನೋಡಿದೆ.

ಮೊದಲು ಒಂದು ಖಾಸಗಿ ಆ್ಯಪ್. ಹೆಸರು ಬೇಡ. ಹತ್ತು ನಿಮಿಷದಲ್ಲಿ ಡಾಕ್ಟರು ಸಿಕ್ಕರು, ಒಳ್ಳೆಯವರೇ. ಆದರೆ ಆ್ಯಪ್ ಶುರುವಿನಲ್ಲೇ ಕಾಂಟ್ಯಾಕ್ಟ್, ಲೊಕೇಶನ್ ಎಲ್ಲಾ ಕೇಳಿತ್ತು. ನೋವಿನಲ್ಲಿ ಓದೋರು ಯಾರು, ಎಲ್ಲದಕ್ಕೂ ಹೂಂ ಅಂದಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗೋ ಫಾಸ್ಟ್ ಲೋಕಲ್ ರೈಲಲ್ಲಿ ಒಂಟಿಕಾಲಲ್ಲಿ ನಿಂತಿದ್ದಾಗ ಫೋನ್ ಬಂತು, ಕ್ರೀಮ್ ಮಾರೋರದು. "ಸರ್, ಪೈಲ್ಸ್ ಕಾ ಕ್ರೀಮ್ ಖತಮ್ ಹುವಾ ಕ್ಯಾ?" ದನಿ ಅರ್ಧ ಬೋಗಿಗೆ ಕೇಳಿಸಿತು. ಎದುರಿಗಿದ್ದವನು ಪಾಪ, ಎದ್ದು ಸೀಟು ಬಿಟ್ಟುಕೊಟ್ಟ. ನನಗೆ ಕೂರೋದೇ ಕಷ್ಟ ಅಂತ ಅವನಿಗೇನು ಗೊತ್ತು!

ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತಗೊಳ್ಳೋಕೂ ಆಗಬೇಕು ಅನ್ನುತ್ತದೆ 2023ರ ಡೇಟಾ ರಕ್ಷಣೆ ಕಾಯ್ದೆ. ನಾನು ಕೊಟ್ಟಿದ್ದು ಒಂದೇ ಒತ್ತಿಗೆ. ವಾಪಸ್ ತಗೊಳ್ಳೋಕೆ ಮೂರು ಮೇಲ್ ಬೇಕಾಯಿತು.

ಎರಡನೆಯದು ನಮ್ಮ ಗಲ್ಲಿ ಡಾಕ್ಟರು, ವಾಟ್ಸಾಪ್‌ನಲ್ಲಿ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ಅಂದರೆ ದೂರದಿಂದಲೇ ವೈದ್ಯರ ಸಲಹೆ) ಮಾರ್ಗಸೂಚಿ ವಾಟ್ಸಾಪ್‌ಗೂ ಒಪ್ಪಿಗೆ ಕೊಟ್ಟಿದೆ. ರೋಗಿಯ ಫೋಟೋ ದುರುಪಯೋಗ ಮಾಡಿದರೆ ಅದು ಡಾಕ್ಟರ ದುರ್ನಡತೆ ಅಂತಲೂ ಹೇಳಿದೆ. ಅವರೇನೂ ತಪ್ಪು ಮಾಡಲಿಲ್ಲ, ಮಾಡಿದ್ದು ನಾನು. ಅವರು ಫೋಟೋ ಕೇಳಿದರು. ಫೋನ್ ಕ್ಯಾಮೆರಾದಲ್ಲೇ ತೆಗೆದು ಕಳಿಸಿದೆ. ಅದು ತಾನಾಗಿ ಗೂಗಲ್ ಫೋಟೋಸ್‌ಗೆ ಹೋಗಿ ಕೂತಿತು. ಆ ಖಾತೆ ಮನೆಯ ಟ್ಯಾಬ್‌ನಲ್ಲೂ ಇದೆ. ಸಂಜೆ ಮಗ ಶಾಲೆ ಪ್ರಾಜೆಕ್ಟ್‌ಗೆ ಗಣಪತಿ ಫೋಟೋ ಹುಡುಕುತ್ತಾ, "ಅಪ್ಪಾ, ಇದು ಯಾವ ಹಣ್ಣು?" ಅಂದ. ಅವತ್ತೇ ಬ್ಯಾಕಪ್ ಆಫ್ ಮಾಡಿದೆ. ಈಗ ವಾಟ್ಸಾಪ್ ಒಳಗಿನ ಕ್ಯಾಮೆರಾ, ಅದೂ ಒಂದೇ ಸಲ ನೋಡುವ ಆಯ್ಕೆ ಒತ್ತಿ.

ಮೂರನೆಯದು ಆನ್‌ಲೈನಲ್ಲಿ ಡಾಕ್ಟರನ್ನು ಕಾಣೋ ಸರ್ಕಾರದ ಸೇವೆ, ಇ-ಸಂಜೀವನಿ. ದುಡ್ಡಿಲ್ಲ. ಮೊಬೈಲ್ ನಂಬರು, ಒಟಿಪಿ, ಟೋಕನ್, ಆಮೇಲೆ ಕಾಯೋದು. ಮರಾಠಿ ಡಾಕ್ಟರು, ನನ್ನ ಅರ್ಧಂಬರ್ಧ ಮರಾಠಿ, ಹೇಗೋ ನಡೆಯಿತು. ಚೀಟಿ ಆನ್‌ಲೈನಲ್ಲೇ ಬಂತು. ಆಮೇಲೆ ಕ್ರೀಮ್ ಮಾರೋಕೆ ಯಾರೂ ಫೋನ್ ಮಾಡಲಿಲ್ಲ. ಆದರೆ ಪ್ರತಿ ಸಲ ಹೊಸ ಡಾಕ್ಟರು, ಕಥೆ ಮೊದಲಿಂದ ಹೇಳಬೇಕು.

ನನ್ನ ಓಟು ಗಲ್ಲಿ ಡಾಕ್ಟರಿಗೆ. ಅವರು ಊರಿಗೆ ಹೋದಾಗ ಇ-ಸಂಜೀವನಿ. ಆ್ಯಪ್ ತೆಗೆದುಹಾಕಿದ್ದೇನೆ. ನಲ್ಲಿ ಮಾತ್ರ ಈಗಲೂ ಬಿಟ್ಟುಕೊಂಡೇ ಮಾತಾಡೋದು, ನೀರು ಬರುವ ಹೊತ್ತಾಗಿದ್ದರೆ.