ಬೆಂಕಿಯೋ, ಕರೆಂಟೋ, ಹಬೆಯೋ: ಸಣ್ಣ ಬಟ್ಟಿಗೆ ಯಾವ ಶಾಖ?

ಸಣ್ಣದಾಗಿ ಮದ್ಯ ಬಟ್ಟಿ ಇಳಿಸುವ ಘಟಕ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದು ಹಂಡೆಯ ಬಗ್ಗೆ. ತಾಮ್ರದ್ದು ತಗೊಳ್ಳಲಾ, ಸ್ಟೀಲಿನದಾ? ಎಷ್ಟು ಲೀಟರಿನದು? ಕತ್ತು ಎಷ್ಟು ಉದ್ದ ಇರಬೇಕು? ನನ್ನ ಪ್ರಕಾರ ಇವೆಲ್ಲ ಆಮೇಲಿನ ಪ್ರಶ್ನೆಗಳು. ಆ ಹಂಡೆಯನ್ನು ಯಾವುದರಿಂದ ಕಾಯಿಸುತ್ತೀರಿ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಲೈಸೆನ್ಸ್ ಇರುವ ಸಣ್ಣ ಘಟಕಗಳಲ್ಲಿ ಕೆಲಸ ಮಾಡುತ್ತಾ ನಾನು ಮೂರು ಬಗೆಯನ್ನೂ ಬಳಸಿದ್ದೇನೆ. ಕೆಳಗೆ ಗ್ಯಾಸ್ ಬರ್ನರ್ ಇರುವುದು, ಹಂಡೆಯೊಳಗೆ ಕರೆಂಟಿನ ಕಾಯಿಲ್ ಇರುವುದು, ಹಂಡೆಯ ಸುತ್ತ ಹಬೆ ಹರಿಯುವ ಜಾಕೆಟ್ ಇರುವುದು. ಹಣ್ಣಿನ ವಾಶ್, ಧಾನ್ಯದ ವಾಶ್ (ಹುದುಗಿ ತಯಾರಾದ ದ್ರವಕ್ಕೆ ನಾವು ವಾಶ್ ಅನ್ನುತ್ತೇವೆ) ಎರಡನ್ನೂ ಮೂರರಲ್ಲೂ ಇಳಿಸಿ ನೋಡಿದ್ದೇನೆ.

ಶಾಖಕ್ಕೆ ಯಾಕೆ ಇಷ್ಟು ಮಹತ್ವ? ಶುದ್ಧ ಎಥನಾಲ್ (ಮದ್ಯದಲ್ಲಿ ಅಮಲು ಕೊಡುವ ಅಂಶ) ಕುದಿಯುವುದು 78.4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಹೊತ್ತಿಕೊಳ್ಳಲು ಅದು ಕುದಿಯಬೇಕಾಗಿಲ್ಲ. ಸುಮಾರು 13 ಡಿಗ್ರಿಯಲ್ಲೇ, ಒಂದು ಕಿಡಿ ಸಾಕು ಅನ್ನುವಷ್ಟು ಆವಿ ಅದರ ಮೇಲೆ ನಿಂತಿರುತ್ತದೆ. ನೀರು ಬೆರೆಸಿ ಶೇ 40ಕ್ಕೆ ಇಳಿಸಿದ ಮದ್ಯಕ್ಕೂ ಈ ಮಿತಿ 26 ಡಿಗ್ರಿಯ ಆಸುಪಾಸು ಅಷ್ಟೇ. ಬೆಚ್ಚಗಿನ ಕೋಣೆಯಲ್ಲಿ ಅಷ್ಟು ಬಿಸಿ ಇದ್ದೇ ಇರುತ್ತದೆ ಅಲ್ವಾ? ಗಾಳಿಯಲ್ಲಿ ಈ ಆವಿ ಸುಮಾರು ಶೇ 3.3ರಿಂದ 19ರವರೆಗೆ ಬೆರೆತಿದ್ದರೆ ಅದು ಸ್ಫೋಟಕ. ಇನ್ನೊಂದು ವಿಷಯ, ಅದು ಗಾಳಿಗಿಂತ ಸುಮಾರು 1.6 ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ. ನೆಲಕ್ಕಿಳಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಬರ್ನರ್ ಇಡುವುದೂ ನೆಲದ ಹತ್ತಿರವೇ.

ಗ್ಯಾಸ್ ಬರ್ನರ್

ಇದರ ಒಳ್ಳೆಯ ಗುಣಗಳನ್ನು ಮೊದಲು ಹೇಳಬೇಕು. ಕಡಿಮೆ ಖರ್ಚು. ಬೇಗ ಕಾಯುತ್ತದೆ. ಉರಿ ಜಾಸ್ತಿ ಕಡಿಮೆ ಮಾಡಿದ್ದು ಕಣ್ಣಿಗೆ ಕಾಣುತ್ತದೆ, ಹಂಡೆಗೂ ಬೇಗ ಗೊತ್ತಾಗುತ್ತದೆ. ನೇರ ಬೆಂಕಿಯಿಂದ ಬರುವ ಒಂದು ಹುರಿದ ರುಚಿ ಇಷ್ಟಪಡುವವರಿದ್ದಾರೆ. ಅದು ಸುಮ್ನೆ ಹೇಳುವ ಮಾತಲ್ಲ, ಧಾನ್ಯದ ಮದ್ಯದಲ್ಲಿ ನನಗೂ ಅದು ಸಿಕ್ಕಿದೆ. ಜಪಾನಿನ ಯೋಯಿಚಿ ವಿಸ್ಕಿ ಘಟಕದಲ್ಲಿ ಇಂದಿಗೂ ಕಲ್ಲಿದ್ದಲಿನ ಬೆಂಕಿಯಲ್ಲೇ ವಿಸ್ಕಿ ಇಳಿಸುತ್ತಾರೆ. ಸ್ಕಾಟ್ಲೆಂಡಿನ ಗ್ಲೆನ್‌ಫಾರ್ಕ್ಲಸ್ ಘಟಕದಲ್ಲಿ ಹಂಡೆಯ ಕೆಳಗೆ ನೇರ ಗ್ಯಾಸ್ ಉರಿ.

ಆದರೆ ಅಲ್ಲಿ ಉರಿ ನೋಡಿಕೊಳ್ಳುವುದಕ್ಕೇ ಪಳಗಿದ ಜನ ಇರುತ್ತಾರೆ. ನೇರ ಬೆಂಕಿಯ ದೊಡ್ಡ ಹಂಡೆಗಳಲ್ಲಿ ತಳ ಹಿಡಿಯದಂತೆ ಒಳಗೆ ತಿರುಗುತ್ತಾ ಕೆರೆಯುವ ತಾಮ್ರದ ಸರಪಳಿಯೂ ಇರುತ್ತದೆ. ಸಣ್ಣ ಹಂಡೆಯಲ್ಲಿ ಅದೆಲ್ಲ ಇರುವುದಿಲ್ಲ. ತಿಳಿಯಾದ ವಾಶ್ ಆದರೆ ತೊಂದರೆ ಇಲ್ಲ. ಹಣ್ಣಿನ ತಿರುಳೋ ಧಾನ್ಯದ ಹಿಟ್ಟೋ ಇದ್ದರೆ ತಳದಲ್ಲಿ ಕೂತು ಸೀದುಹೋಗುತ್ತದೆ. ಆ ಸೀದ ವಾಸನೆ ಒಮ್ಮೆ ಮದ್ಯಕ್ಕೆ ಇಳಿಯಿತೆಂದರೆ ಎರಡನೇ ಸಲ ಬಟ್ಟಿ ಇಳಿಸಿದರೂ ಪೂರ್ತಿ ಹೋಗುವುದಿಲ್ಲ.

ರುಚಿಯ ಮಾತು ಪಕ್ಕಕ್ಕಿಡೋಣ. ಗ್ಯಾಸ್ ಬರ್ನರಿನ ನಿಜವಾದ ತೊಂದರೆ ಏನೆಂದರೆ, ಆವಿ ಮತ್ತು ಬೆಂಕಿ ಒಂದೇ ಕೋಣೆಯಲ್ಲಿರುತ್ತವೆ. ಕೊಳವೆಯ ಜೋಡಣೆ ಎಲ್ಲೋ ಸ್ವಲ್ಪ ಸಡಿಲವಾದರೆ, ಆವಿಯನ್ನು ತಣಿಸಿ ಮದ್ಯವಾಗಿಸುವ ತಣ್ಣೀರಿನ ಹರಿವು ನಿಂತು ಆವಿ ಹಾಗೇ ಹೊರಬಂದರೆ, ಅದನ್ನು ಹೊತ್ತಿಸುವ ವಸ್ತು ಆಗಲೇ ಸಿದ್ಧವಾಗಿ ಉರಿಯುತ್ತಿರುತ್ತದೆ. ಮೇಲಾಗಿ ಎಥನಾಲಿನ ಜ್ವಾಲೆ ತೆಳು ನೀಲಿ. ಒಂದು ಘಟಕದಲ್ಲಿ ಸುರಕ್ಷತೆಯ ತರಬೇತಿ ಕೊಡುವಾಗ ಬಯಲಲ್ಲಿ, ಒಳ್ಳೆಯ ಬೆಳಕಿನಲ್ಲಿ, ಉಕ್ಕಿನ ತಟ್ಟೆಗೆ ಒಂದಿಷ್ಟು ಮದ್ಯ ಹಾಕಿ ಹಚ್ಚಿ ತೋರಿಸಿದರು. ತಟ್ಟೆಯ ಮೇಲೆ ಏನೂ ಕಾಣಲಿಲ್ಲ. ಹಿಂದಿನ ಗೋಡೆ ಮಾತ್ರ ನೀರಿನಲ್ಲಿ ಕಂಡ ಹಾಗೆ ಅಲುಗಾಡುತ್ತಿತ್ತು. ಕಾಗದದ ತುದಿ ಮೇಲೆ ಹಿಡಿದಾಗ ಹಳದಿ ಉರಿ ಎದ್ದಿತು, ಆಗಲೇ ಬೆಂಕಿ ಇದೆ ಅಂತ ಗೊತ್ತಾದದ್ದು. ಹೊತ್ತಿಕೊಂಡದ್ದೇ ತಿಳಿಯದ ಬೆಂಕಿಯ ಪಕ್ಕ ನಿಂತು ಕೆಲಸ ಮಾಡುವುದನ್ನು ನಾನು ಯಾರಿಗೂ ಹೇಳಲಾರೆ.

ಕರೆಂಟಿನ ಕಾಯಿಲ್

ಬೆಂಕಿ ಇಲ್ಲ, ಅದು ದೊಡ್ಡ ಸಮಾಧಾನ. ಲೆಕ್ಕವೂ ಸುಲಭ. 50 ಲೀಟರ್ ವಾಶನ್ನು 20ರಿಂದ 90 ಡಿಗ್ರಿಗೆ ಏರಿಸಲು ಸುಮಾರು 4 ಯೂನಿಟ್ ಕರೆಂಟ್ ಬೇಕು. 4 ಕಿಲೋವ್ಯಾಟ್ ಕಾಯಿಲ್ ಇದ್ದರೆ ಹೆಚ್ಚುಕಡಿಮೆ ಒಂದು ಗಂಟೆ. ಕಂಟ್ರೋಲರ್ ಹಾಕಿದರೆ ಶಾಖವನ್ನು ಗ್ಯಾಸಿಗಿಂತ ನಿಖರವಾಗಿ ಹಿಡಿದಿಡಬಹುದು. ಹನಿಗಳ ವೇಗ ಗಂಟೆಗಟ್ಟಲೆ ಒಂದೇ ಸಮ ಇರುವುದನ್ನು ನಾನು ಇದರಲ್ಲೇ ನೋಡಿದ್ದು.

ಇದರ ದೊಡ್ಡ ದೌರ್ಬಲ್ಯ ಏನೆಂದರೆ, ಕಾಯಿಲ್ ಸದಾ ಮುಳುಗಿರಬೇಕು. ಬಟ್ಟಿ ಇಳಿಯುತ್ತಾ ಹೋದಂತೆ ಹಂಡೆಯ ಮಟ್ಟ ಇಳಿಯುತ್ತದೆ. ಕಾಯಿಲ್ ಮೇಲೆದ್ದಿತೆಂದರೆ ಆವಿ ತುಂಬಿದ ಜಾಗದಲ್ಲಿ ಕೆಂಪಗೆ ಕಾದ ಲೋಹ. ಹಾಗಾಗಿ ಕಾಯಿಲ್ ಸಾಧ್ಯವಾದಷ್ಟು ತಳದಲ್ಲಿರುವ ಹಂಡೆಯನ್ನೇ ಆರಿಸಬೇಕು. ಕೊನೆಯಲ್ಲಿ ಎಷ್ಟು ಲೀಟರ್ ಉಳಿಯಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಎರಡನೇ ಸಲ ಇಳಿಸುವಾಗ ಹಂಡೆಗೆ ಹಾಕುವ ದ್ರವವನ್ನು ನೀರು ಬೆರೆಸಿ ಶೇ 40ಕ್ಕಿಂತ ಕೆಳಗಿಡುವುದು ನಮ್ಮ ಪದ್ಧತಿ. ಬಲ ಜಾಸ್ತಿ ಇದ್ದಷ್ಟೂ ಹಂಡೆ ಹೆಚ್ಚು ಬರಿದಾಗುತ್ತದೆ, ಅಪಾಯವೂ ಹೆಚ್ಚುತ್ತದೆ.

ಕಾಯಿಲಿನಲ್ಲೂ ಭೇದವಿದೆ. ಅದೇ 4 ಕಿಲೋವ್ಯಾಟ್ ಗಿಡ್ಡ ಕಾಯಿಲಿನಿಂದ ಬಂದರೆ ಅದರ ಮೈ ವಿಪರೀತ ಸುಡುತ್ತದೆ, ವಾಶ್ ಅಂಟಿ ಕರಕಲಾಗುತ್ತದೆ. ಮಡಚಿ ಮಡಚಿ ಉದ್ದ ಮಾಡಿದ ಕಾಯಿಲ್ ಆದರೆ ಅಷ್ಟೇ ಶಾಖ ಹೆಚ್ಚು ಮೈಯಲ್ಲಿ ಹಂಚಿಹೋಗುತ್ತದೆ. ಎರಡನ್ನೂ ಕಳಚಿ ತೊಳೆದವರಿಗೆ ವ್ಯತ್ಯಾಸ ಗೊತ್ತು. ಮೊದಲನೆಯದನ್ನು ಉಜ್ಜಬೇಕು, ಎರಡನೆಯದನ್ನು ತೊಳೆದರೆ ಸಾಕು. ಆದರೂ ಸಿಪ್ಪೆ, ತಿರುಳು, ಹಿಟ್ಟು ಇರುವ ವಾಶ್ ಇದಕ್ಕೆ ಬೇಡ. ಅರ್ಥಿಂಗ್ ಮತ್ತು ಸೋರಿಕೆ ಕಂಡರೆ ತಾನೇ ಬೀಳುವ ಬ್ರೇಕರ್ ಇಲ್ಲದೆ ಇದನ್ನು ಚಾಲೂ ಮಾಡಲೇಬಾರದು. ಕಿಡಿ ಹಾರಬಲ್ಲ ಸ್ವಿಚ್ಚು, ಕಂಟ್ರೋಲ್ ಪ್ಯಾನಲ್ ಕೋಣೆಯ ಆಚೆ ಇರಲಿ.

ಹಬೆಯ ಜಾಕೆಟ್

ಹಂಡೆಗೆ ಎರಡು ಗೋಡೆ, ನಡುವೆ ಹಬೆ. ಬಾಯ್ಲರ್ ಬೇರೆ ಕೋಣೆಯಲ್ಲಿ. ಮದ್ಯದ ಆವಿ ಇರುವ ಕಡೆ ಬೆಂಕಿಯೂ ಇಲ್ಲ, ಕೆಂಪಗೆ ಕಾಯುವ ಲೋಹವೂ ಇಲ್ಲ. ಹೊರಗಿನ ಗಾಳಿಯ ಒತ್ತಡಕ್ಕಿಂತ ಅರ್ಧ ಬಾರ್ ಹೆಚ್ಚು ಒತ್ತಡದ ಹಬೆ ಸುಮಾರು 111 ಡಿಗ್ರಿ ಇರುತ್ತದೆ. ವಾಶನ್ನು ಚೆನ್ನಾಗಿ ಕುದಿಸಲು ಅಷ್ಟು ಸಾಕು. ಸಿಪ್ಪೆ ಸಮೇತ ಹಾಕಿದ ಹಣ್ಣು ಇದರಲ್ಲಿ ತಳ ಹಿಡಿಯದೆ ಇಳಿಯಿತು. ನನಗೆ ಹಣ್ಣಿನ ಪೂರ್ತಿ ಪರಿಮಳ ಸಿಕ್ಕಿದ್ದು ಈ ಹಂಡೆಯಿಂದಲೇ.

ತೊಂದರೆಗಳೂ ಇವೆ. ಮೂರರಲ್ಲಿ ಇದೇ ದುಬಾರಿ. ಬಾಯ್ಲರಿಗೆ ಅದರದೇ ತಪಾಸಣೆ, ಅದರದೇ ಕಾಗದಪತ್ರ. ಶಾಖ ಕಡಿಮೆ ಮಾಡಿದರೂ ಹಂಡೆ ತಕ್ಷಣ ಮಾತು ಕೇಳುವುದಿಲ್ಲ, ಸ್ವಲ್ಪ ಮುಂಚೆಯೇ ಕೈ ಆಡಿಸಬೇಕು. ಖರ್ಚು ಉಳಿಸಲು ಜಾಕೆಟ್ಟಿಗೆ ಹಬೆಯ ಬದಲು ಬರೀ ನೀರು ತುಂಬಿ ಕಾಯಿಸುವವರಿದ್ದಾರೆ. ಅದನ್ನೂ ಬಳಸಿದ್ದೇನೆ. ತೆರೆದ ನೀರು 100 ಡಿಗ್ರಿ ದಾಟುವುದಿಲ್ಲ. ಮದ್ಯದ ಅಂಶ ಖಾಲಿಯಾಗುತ್ತಾ ಬಂದಾಗ ಹಂಡೆಯೊಳಗಿನದೂ ನೂರರ ಹತ್ತಿರವೇ ಕುದಿಯುವುದರಿಂದ ಕೊನೆಯ ಭಾಗ ತೀರಾ ನಿಧಾನ. ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯದೇ, ತಾಳ್ಮೆ ಬೇಕು ಅಷ್ಟೇ.

ಮೂರರಲ್ಲಿ ನನ್ನ ಆಯ್ಕೆ ಜಾಕೆಟ್. ಹಣ ಸಾಲದಿದ್ದರೆ ಉದ್ದ ಕಾಯಿಲಿನ ಕರೆಂಟ್ ಹಂಡೆ, ತಿಳಿ ವಾಶಿಗೆ ಮಾತ್ರ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಬರ್ನರ್ ಬೇಡವೇ ಬೇಡ.

ತಾಮ್ರವೋ, ಸ್ಟೀಲೋ

ತಾಮ್ರ ಶಾಖವನ್ನು ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಸಾಗಿಸುತ್ತದೆ. ಆದರೆ ತಾಮ್ರ ಬೇಕಾಗುವುದು ಅದಕ್ಕಲ್ಲ, ಗಂಧಕಕ್ಕೆ. ಹುದುಗುವಾಗ ಗಂಧಕದ ಸಂಯುಕ್ತಗಳು ಹುಟ್ಟುತ್ತವೆ, ಬಿಸಿ ತಾಮ್ರ ಅವನ್ನು ಹಿಡಿದುಕೊಳ್ಳುತ್ತದೆ. ಒಂದೇ ವಾಶನ್ನು ಒಮ್ಮೆ ಪೂರ್ತಿ ಸ್ಟೀಲಿನಲ್ಲಿ, ಒಮ್ಮೆ ತಾಮ್ರದ ತಲೆ (ಹಂಡೆಯ ಮೇಲೆ ಕೂರುವ ಭಾಗ) ಹಾಕಿ ಇಳಿಸಿದೆವು. ಸ್ಟೀಲಿನದು ಮೂಸಿದರೆ ಬೇಯಿಸಿದ ಕೋಸು, ಕೊಳೆತ ಮೊಟ್ಟೆ. ತಾಮ್ರದ್ದು ಶುದ್ಧ. ತಲೆಯನ್ನು ಬಿಚ್ಚಿ ನೋಡಿದರೆ ಒಳಮೈ ಕಪ್ಪಗಾಗಿತ್ತು. ಮದ್ಯದಲ್ಲಿ ಇರಬೇಕಾಗಿದ್ದ ಕೆಟ್ಟ ವಾಸನೆಯೆಲ್ಲ ಅಲ್ಲಿ ಕೂತಿತ್ತು.

ಹಾಗಂತ ಪೂರ್ತಿ ತಾಮ್ರ ಬೇಕಿಲ್ಲ. ಹಂಡೆ ಸ್ಟೀಲಿನದು, ಆವಿ ಹಾದುಹೋಗುವ ತಲೆ ಮತ್ತು ಕೊಳವೆ ತಾಮ್ರದ್ದು, ಇದು ನನಗೆ ಎಲ್ಲಕ್ಕಿಂತ ಹಿಡಿಸಿದ ಜೋಡಿ. ತೊಳೆಯುವುದು ಸುಲಭ. ತಾಮ್ರವನ್ನು ಆಗಾಗ ಸಿಟ್ರಿಕ್ ಆಮ್ಲದಲ್ಲಿ ತೊಳೆದು, ಒಣಗಿಸಿ, ಹಸಿರು ಕಿಲುಬು ಕಟ್ಟದಂತೆ ನೋಡಿಕೊಂಡರಾಯಿತು. ಬೆಸುಗೆಯಲ್ಲಿ ಸೀಸ ಇರಲೇಕೂಡದು, ಇದನ್ನು ಮಾಡಿಕೊಟ್ಟವರಿಂದ ಬರೆಸಿಕೊಳ್ಳಿ. ಹಳೆಯ ಕಾರಿನ ರೇಡಿಯೇಟರನ್ನು ಕಂಡೆನ್ಸರ್ (ಆವಿಯನ್ನು ತಣಿಸಿ ದ್ರವ ಮಾಡುವ ಭಾಗ) ಮಾಡಿಕೊಂಡು ಕಳ್ಳಬಟ್ಟಿ ಇಳಿಸಿದ ಕಡೆಗಳಲ್ಲಿ ಸೀಸದ ವಿಷ ಏರಿ ಜನ ಕಾಯಿಲೆ ಬಿದ್ದದ್ದು ವೈದ್ಯರ ದಾಖಲೆಗಳಲ್ಲಿದೆ.

ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲಿಗೆ ಮಾತ್ರ ಯಾವ ಹಂಡೆಯೂ ಪರಿಹಾರ ಅಲ್ಲ. ಅದು 64.7 ಡಿಗ್ರಿಯಲ್ಲಿ ಕುದಿಯುತ್ತದೆ, ಮೊದಲು ಬಂದದ್ದನ್ನು ಚೆಲ್ಲಿದರೆ ಆಯಿತು ಅಂತ ಬಹಳ ಜನ ನಂಬಿದ್ದಾರೆ. ನೀರು, ಎಥನಾಲ್ ಜೊತೆ ಬೆರೆತಿರುವಾಗ ಅದು ಹಾಗೆ ಬೇರೆಯಾಗಿ ಬರುವುದಿಲ್ಲ, ಕೊನೆಯವರೆಗೂ ಸ್ವಲ್ಪ ಸ್ವಲ್ಪ ಬರುತ್ತಿರುತ್ತದೆ. ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನಂಥ ಪದಾರ್ಥದಿಂದ ಅದು ಹುಟ್ಟುತ್ತದೆ, ಧಾನ್ಯದಲ್ಲಿ ತೀರಾ ಕಡಿಮೆ. ಹಣ್ಣಿನ ಮದ್ಯ ಮಾಡುವವರು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲೇಬೇಕು.

ತಣ್ಣೀರು ಮತ್ತು ದಾರಿ

ಕಂಡೆನ್ಸರಿನಲ್ಲಿ ಎರಡು ಬಗೆ ಬಳಸಿದ್ದೇನೆ. ತೊಟ್ಟಿಯ ನೀರಿನಲ್ಲಿ ಮುಳುಗಿದ ಸುರುಳಿ ಒಂದು, ಕವಚದೊಳಗೆ ಕೊಳವೆಗಳಿರುವ ಹೊಸ ಬಗೆ ಇನ್ನೊಂದು. ಹೊಸದು ಜಾಗ ಕಡಿಮೆ ತಿನ್ನುತ್ತದೆ, ಚೆನ್ನಾಗಿ ತಣಿಸುತ್ತದೆ. ಆದರೆ ನೀರು ನಿಂತರೆ ಅದರ ಕೆಲಸವೂ ಬೇಗನೆ ನಿಂತುಹೋಗುತ್ತದೆ. ತೊಟ್ಟಿಯಲ್ಲಿ ತಣ್ಣೀರು ತುಂಬಿರುವುದರಿಂದ ಎಚ್ಚೆತ್ತುಕೊಳ್ಳಲು ಒಂದಿಷ್ಟು ಸಮಯ ಸಿಗುತ್ತದೆ. ಹೊಸ ಬಗೆ ತಗೊಂಡರೆ, ನೀರಿನ ಹರಿವು ನಿಂತ ಕೂಡಲೇ ಶಾಖ ತಾನಾಗಿ ಕಡಿಯುವ ಸ್ವಿಚ್ ಜೊತೆಗೇ ಹಾಕಿಸಿ. ಕರೆಂಟಿನ ಹಂಡೆಯಲ್ಲಿ ಇದು ತೀರಾ ಸುಲಭದ ಕೆಲಸ.

ಆವಿಯ ದಾರಿ ಎಂದೂ ಮುಚ್ಚಬಾರದು. ಪರಿಮಳಕ್ಕೆಂದು ತಲೆಯಲ್ಲಿ ತುಂಬಿದ ಸೊಪ್ಪು, ಬೀಜ, ಉಕ್ಕಿ ಬಂದ ನೊರೆ, ಯಾವುದಾದರೂ ಕತ್ತು ಕಟ್ಟಬಹುದು. ಒತ್ತಡ ಬಿಡುವ ವಾಲ್ವ್ ಬೇಕೇ ಬೇಕು. ಅದರ ಜೊತೆಗೆ ಗಾಳಿ ಒಳಗೆ ಬಿಡುವ ವಾಲ್ವ್ ಕೂಡ ಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ಬಿಸಿ ಹಂಡೆ ಮುಚ್ಚಿದ ಹಾಗೇ ತಣಿದರೆ ಒಳಗೆ ನಿರ್ವಾತವಾಗಿ ತೆಳು ತಾಮ್ರ ನಜ್ಜುಗುಜ್ಜಾಗುತ್ತದೆ. ಮದ್ಯ ಹಿಡಿಯುವ ಪಾತ್ರೆ ಸ್ಟೀಲಿನದೇ ಇರಲಿ. ಗಾಜು ಒಡೆಯುತ್ತದೆ, ಪ್ಲಾಸ್ಟಿಕ್ ಬಲವಾದ ಮದ್ಯಕ್ಕೆ ಸಲ್ಲದು. ಬೆಂಕಿ ಆರಿಸಲು ಒಣ ಪುಡಿ ಅಥವಾ ಆಲ್ಕೋಹಾಲ್ ತಡೆಯುವ ಫೋಮ್ ತಗೊಳ್ಳಿ. ಮಾಮೂಲಿ ಫೋಮ್ ಮದ್ಯದ ಮೇಲೆ ಬಿದ್ದರೆ ಕರಗಿಹೋಗುತ್ತದೆ.

ಸ್ವಂತ ಲೈಸೆನ್ಸೋ, ಇನ್ನೊಬ್ಬರ ಘಟಕವೋ

ಬಹುತೇಕ ದೇಶಗಳಲ್ಲಿ ಲೈಸೆನ್ಸ್ ಇಲ್ಲದೆ, ಸ್ವಂತ ಕುಡಿಯಲೂ ಬಟ್ಟಿ ಇಳಿಸುವಂತಿಲ್ಲ. 1996ರಿಂದ ಮನೆಬಳಕೆಗೆ ಬಿಟ್ಟಿರುವ ನ್ಯೂಜಿಲೆಂಡ್ ಅಪರೂಪದ ಉದಾಹರಣೆ. ಕೆಲವು ಕಡೆ ಹಂಡೆ ಇಟ್ಟುಕೊಳ್ಳಲೂ ಅನುಮತಿ ಬೇಕು. ಆದ್ದರಿಂದ ಅರ್ಜಿಗೂ ಮುಂಚೆ ಹಂಡೆ ಕೊಳ್ಳಬೇಡಿ. ಅಧಿಕಾರಿಗಳು ಕೇಳುವುದು ಕೋಣೆಯ ನಕ್ಷೆ, ಪ್ರತಿ ಪಾತ್ರೆಯ ಅಳತೆ, ಬೀಗ ಹಾಕುವ ಗೋದಾಮು, ಎಷ್ಟು ಇಳಿಯಿತು ಎಷ್ಟು ಹೋಯಿತು ಅನ್ನುವ ಲೆಕ್ಕದ ಪುಸ್ತಕ. ಅಗ್ನಿಶಾಮಕದವರು ನೇರವಾಗಿ ಶಾಖದ ವಿಷಯಕ್ಕೇ ಬರುತ್ತಾರೆ. ನಕ್ಷೆಯಲ್ಲಿ ಬಾಯ್ಲರ್ ಗೋಡೆಯಾಚೆ ಇದ್ದಾಗ ಮಾತು ಬೇಗ ಮುಗಿದದ್ದನ್ನು ನೋಡಿದ್ದೇನೆ. ಗ್ಯಾಸ್ ಬರ್ನರ್ ಇದ್ದಾಗ ಪ್ರಶ್ನೆಗಳು ಮುಗಿಯುವುದೇ ಇಲ್ಲ, ಮುಗಿಯಲೂಬಾರದು.

ಇನ್ನೊಂದು ದಾರಿ, ಲೈಸೆನ್ಸ್ ಇರುವ ಬೇರೆಯವರ ಘಟಕದಲ್ಲಿ ಒಪ್ಪಂದದ ಮೇಲೆ ನಿಮ್ಮ ವಾಶ್ ಇಳಿಸಿಕೊಳ್ಳುವುದು. ನಾನು ಎರಡೂ ಕಡೆ ದುಡಿದಿದ್ದೇನೆ. ಹೊಸಬರಿಗೆ ಈ ಎರಡನೆಯದನ್ನೇ ಹೇಳುತ್ತೇನೆ. ಬಂಡವಾಳ ಕಡಿಮೆ, ಪಳಗಿದವರ ಪಕ್ಕ ನಿಂತು ಕಲಿಯಬಹುದು. ಯಾವ ರುಚಿ ಬೇಕು ಅನ್ನುವುದೂ ಹಂಡೆ ಕೊಳ್ಳುವ ಮೊದಲೇ ಗೊತ್ತಾಗುತ್ತದೆ. ಕೊರತೆ ಏನೆಂದರೆ ದಿನ ಅವರು ಹೇಳಿದ್ದು, ಹಂಡೆ ಅವರದು, ಶಾಖವೂ ಅವರದೇ. ಹಾಗಾಗಿ ಒಪ್ಪಂದಕ್ಕೆ ಮುಂಚೆ ಒಮ್ಮೆ ಹೋಗಿ ಬಟ್ಟಿ ನಡೆಯುವಾಗ ನೋಡಿ. ಗಾಳಿ ಹೊರಹೋಗುವ ಕಿಂಡಿ ನೆಲದ ಮಟ್ಟದಲ್ಲಿದೆಯಾ? ಮದ್ಯ ಹಿಡಿಯುವ ಪಾತ್ರೆ ಶಾಖದಿಂದ ಎಷ್ಟು ದೂರ? ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ಸ್ವಿಚ್ ಎಲ್ಲಿದೆ? ಅದು ಹಂಡೆಯ ಪಕ್ಕದ ಗೋಡೆಯಲ್ಲೇ ಇದ್ದರೆ, ಬೆಂಕಿ ಬಿದ್ದಾಗ ಅದರ ಹತ್ತಿರ ಯಾರೂ ಹೋಗಲಾರರು. ಬಾಗಿಲ ಹೊರಗೆ ಹಾಕಿಸಿಕೊಡಿ ಅಂತ ಕೇಳಿ, ಹಾಕಿಸಿಕೊಟ್ಟ ಮೇಲೆ ವಾಶ್ ಕಳಿಸಿ.