ಎಸ್‌ಡಿಎ ಹುದ್ದೆ: ಹೈಸ್ಕೂಲಾ, ಬಿಇಒ ಕಚೇರಿಯಾ?

ಕರ್ನಾಟಕದ ಶಾಲಾ ಶಿಕ್ಷಣ ಇಲಾಖೆಗೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ, ಅಂದರೆ ಗುಮಾಸ್ತ) ಆಗಿ ಆಯ್ಕೆಯಾಗಿ, ಎಲ್ಲಿಗೆ ಹೋಗೋದು ಅಂತ ಯೋಚಿಸುತ್ತಿದ್ದೀರಾ? ಹುದ್ದೆ ಒಂದೇ, ಮೂಲ ವೇತನವೂ ಒಂದೇ. ಕೆಲಸದ ರೀತಿ ಬೇರೆ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೆಲಸ ಹಂಚಿಕೆಯಾಗಿರುತ್ತದೆ. ಪ್ರಾಥಮಿಕ ಶಾಲಾ ಶಿಕ್ಷಕರ ಸಂಬಳದ ಬಿಲ್ಲೋ, ಸೇವಾ ಪುಸ್ತಕವೋ ನಿಮ್ಮ ಪಾಲಿಗೆ ಬರುತ್ತದೆ. ಕೇಳಿ ಕಲಿಯಲು ಪಕ್ಕದಲ್ಲಿ ಹಳಬರಿರುತ್ತಾರೆ.

ಹೈಸ್ಕೂಲಿನಲ್ಲಿ ಎಷ್ಟೋ ಕಡೆ ಗುಮಾಸ್ತರು ಒಬ್ಬರೇ. ಬಿಲ್ಲು, ನಗದು ಪುಸ್ತಕ, ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಆನ್‌ಲೈನ್ ವ್ಯವಸ್ಥೆ), ಟಿಸಿ ಎಲ್ಲಾ ನಿಮ್ಮ ಮೇಜಿಗೇ. ಎಸ್‌ಎಸ್‌ಎಲ್‌ಸಿ ನಾಮಿನಲ್ ರೋಲ್ (ಪರೀಕ್ಷೆ ಬರೆಯುವ ಮಕ್ಕಳ ಪಟ್ಟಿ) ಹೊತ್ತಿಗೆ ದಾಖಲಾತಿ ಪುಸ್ತಕ ಬಿಚ್ಚಿಕೊಂಡು ಹೆಸರು, ತಂದೆ-ತಾಯಿ ಹೆಸರು, ಹುಟ್ಟಿದ ತಾರೀಖು ಒಂದೊಂದೇ ತಾಳೆ ನೋಡಬೇಕು. ಒಂದು ಇನಿಶಿಯಲ್ ತಪ್ಪಿದರೂ ಅದು ಅಂಕಪಟ್ಟಿಗೆ ಹೋಗುತ್ತದೆ. ಆಮೇಲೆ ತಿದ್ದುಪಡಿಗೆ ಅಲೆಯೋದು ಆ ಮಗು. ಈ ಕುರ್ಚಿ ಖಾಲಿ ಇದ್ದರೆ ಗಣಿತದ ಮೇಷ್ಟ್ರೇ ಪಾಠ ಬಿಟ್ಟು ಇದನ್ನೆಲ್ಲ ಮಾಡಬೇಕು, ಅಲ್ವಾ? ಅದಕ್ಕೇ ಈ ಕೆಲಸದ ಬಗ್ಗೆ ನನಗೆ ಗೌರವ ಜಾಸ್ತಿ.

ರಜೆಯ ಆಸೆಗೆ ಶಾಲೆ ಆರಿಸಬೇಡಿ. ದಸರಾ, ಬೇಸಿಗೆ ರಜೆ ಶಿಕ್ಷಕರಿಗೆ. ನಿಮಗೆ ಎರಡೂ ಕಡೆ ವರ್ಷಕ್ಕೆ 30 ಗಳಿಕೆ ರಜೆ.

ಹೊಸಬರಾದರೆ ಮೊದಲು ಬಿಇಒ ಕಚೇರಿಯೇ ಒಳ್ಳೆಯದು. ಮಕ್ಕಳ ನಡುವೆ ಇರಲೇಬೇಕು ಅನಿಸಿದರೆ ಹೈಸ್ಕೂಲಿಗೆ ಹೋಗಿ. ಆದರೆ ಅಲ್ಲಿ ಕೇಳಿ ಕಲಿಯಲು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು) ಇದ್ದಾರಾ ಅಂತ ಮುಂಚೆಯೇ ವಿಚಾರಿಸಿ.